ಟೋಪಿ ಹಾಕಿದ ‘ಎಂ’

ಬಸವಕಲ್ಯಾಣದ ನಿವೃತ್ತ ಮಾಸ್ತರೊಬ್ಬರು ಆರಿಸಿಕೊಟ್ಟ ನಲವತ್ತು ವಚನಗಳನ್ನು ಹುಮನಾಬಾದಿನ ಅಳಿಯ ಟೈಪು ಮಾಡಿ ಪೆನ್‌ಡ್ರೈವಿನಲ್ಲಿ ಕಳಿಸಿದ್ದ. ಮಾಸ್ತರು ನೋಟ್‌ಪ್ಯಾಡಿನಲ್ಲಿ ತೆರೆದರೆ ನಲವತ್ತೂ ಸೇರಿ ಒಂದೇ ಸಾಲು! ಬಸವಣ್ಣ ‘ಕೂಡಲಸಂಗಮದೇವಾ’ ಎಂದು ಉಸಿರು ಬಿಡುವಷ್ಟರಲ್ಲಿ ಅಲ್ಲಮ ಶುರು.

“ಸಾಲೆಲ್ಲ ಎಲ್ಲಿ ಹೋದವೋ?”

“ನನ್ನ ಕಡೆ ಚೆಂದಾಗೇ ಕಾಣ್ಲಾಕತ್ತಾವ್ರಿ ಮಾಮಾ. ನಿಮ್ಮ ಎಡಿಟರೇ ಹಳೇದು.”

ಹಳೇದು ಅಂದದ್ದು ಯಾರಿಗೆ ಎಂದು ಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು.

ಅಳಿಯನದು ಲಿನಕ್ಸು, ಮಾವನದು ವಿಂಡೋಸ್ 7. ಜಗಳದ ಬೇರು ಮಾತ್ರ ಟೈಪಿಂಗ್ ಯಂತ್ರಗಳ ಕಾಲದ್ದು. ಅಲ್ಲಿ ಸಾಲು ಮುಗಿದರೆ ಎರಡು ಕೆಲಸ: ಗಾಡಿಯನ್ನು ಮೊದಲಿನ ಜಾಗಕ್ಕೆ ತಳ್ಳಬೇಕು, ಕಾಗದವನ್ನು ಒಂದು ಸಾಲು ಮೇಲೇರಿಸಬೇಕು. ಟೆಲಿಟೈಪು ಬಂದಾಗ ಇವು ಎರಡು ಸಂಕೇತಗಳಾದವು; ಕಂಪ್ಯೂಟರಿನಲ್ಲಿ ಅವುಗಳ ಸಂಖ್ಯೆ 13 ಮತ್ತು 10. ಡಾಸ್, ಅದರ ಹಿಂದೆ ವಿಂಡೋಸ್, ಎರಡನ್ನೂ ಇಟ್ಟುಕೊಂಡವು. ಯುನಿಕ್ಸಿಗೆ 10 ಒಂದೇ ಸಾಕಾಯಿತು; ಹಳೆಯ ಮ್ಯಾಕಿಗೆ 13. ಒಂಟಿ 10 ಬಂದರೂ ಸಾಲು ಮುಗಿಯಿತು ಎಂದು ನೋಟ್‌ಪ್ಯಾಡಿಗೆ ತಿಳಿದದ್ದು 2018ರಲ್ಲಿ, ಅದೂ ವಿಂಡೋಸ್ 10ರ ನೋಟ್‌ಪ್ಯಾಡಿಗೆ.

ಮಾಸ್ತರು ಹಟ ಬಿಡಲಿಲ್ಲ. ಇಡೀ ಮಧ್ಯಾಹ್ನ ಕೂತು ತಾವೇ ಎಂಟರ್ ಒತ್ತಿ, ಅರ್ಧ ಕೆಲಸಕ್ಕೆ ಸುಸ್ತಾಗಿ ಕಡತ ವಾಪಸು ಕಳಿಸಿದರು. ಈಗ ಹುಮನಾಬಾದಿನಿಂದ ಫೋನು. ಮಾವ ಒತ್ತಿದಲ್ಲೆಲ್ಲ 13–10 ಜೋಡಿ, ಉಳಿದ ಕಡೆ ಬರೀ 10. ಈ ಕಲಬೆರಕೆ ಕಂಡು ಅಳಿಯನ ವಿಮ್ ಎಡಿಟರು ಸಾಲಿನ ಕೊನೆಗೆ ಟೋಪಿ ಹಾಕಿದ ಇಂಗ್ಲಿಷ್ ‘ಎಂ’ ಅಕ್ಷರ ತೋರಿಸುತ್ತಿತ್ತು. ಇಂಗ್ಲಿಷ್ ವರ್ಣಮಾಲೆಯಲ್ಲಿ 13ನೆಯದು ‘ಎಂ’ ತಾನೇ! ಅಕ್ಕಮಹಾದೇವಿಯ ವಚನಕ್ಕೂ ಟೋಪಿ ತಪ್ಪಿರಲಿಲ್ಲ.

ಹಾಗಾದರೆ ಒಳ್ಳೆಯ ಎಡಿಟರು ಯಾವುದು? ಅಳಿಯ ವಿಮ್ ಹೊಗಳಿದ. ಬರೆಯುವ ಮುಂಚೆ ‘ಐ’ ಒತ್ತಬೇಕು ಎಂದ ಕೂಡಲೇ ಮಾಸ್ತರು, “ಬರೀಲಿಕ್ಕೂ ಅಪ್ಪಣೆ ಬೇಕೇನು?” ಎಂದು ಮುಗಿಸಿಬಿಟ್ಟರು. ಕೊನೆಗೆ ರಾಜಿಯಾದದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ. 2003ರಿಂದ ಪುಕ್ಕಟೆ ಸಿಗುವ ಇದು ಕಡತ ಯಾವ ಮನೆತನದ್ದೆಂದು ಕೆಳಗಿನ ಪಟ್ಟಿಯಲ್ಲೇ ಹೇಳುತ್ತದೆ; ಬೇಕೆಂದರೆ ಎಡಿಟ್ ಮೆನುವಿನಿಂದ ಮನೆತನವನ್ನೇ ಬದಲಿಸುತ್ತದೆ.

ಅಳಿಯನೇ ಬಸ್ಸು ಹತ್ತಿ ಬಂದು ಅದನ್ನು ಹಾಕಿಕೊಟ್ಟ. ಸಾಲುಗಳು ನೆಟ್ಟಗಾದವು. ತಾಳೆ ನೋಡಲು ಮಾಸ್ತರು ಕಪಾಟಿನಿಂದ ಎರಡು ಪುಸ್ತಕ ತೆಗೆದರು: ಅದೇ ವಚನ, ಎರಡರಲ್ಲೂ ಸಾಲು ಮುರಿದದ್ದು ಬೇರೆ ಬೇರೆ ಕಡೆ. ಆಗಬೇಕಾದದ್ದೇ. ಓಲೆಗರಿಯಲ್ಲಿ ಗರಿ ಮುಗಿದಾಗ ಸಾಲು ಮುಗಿಯುತ್ತಿತ್ತು, ಅಷ್ಟೆ. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ ಅಚ್ಚು ಹಾಕಿದ್ದು ಇಂಥ ಓಲೆಗರಿಗಳನ್ನು ಕೂಡಿಹಾಕಿಯೇ.

“ಈಗ ಎಂಟರ್ ಎಲ್ಲಿ ಒತ್ತಲ್ರಿ ಮಾಮಾ?”

ಹುಮನಾಬಾದಿನ ಕೊನೆಯ ಬಸ್ಸು ಹೋದರೂ ಮಾಸ್ತರು ಕನ್ನಡಕ ಒರೆಸುತ್ತಲೇ ಇದ್ದರು.