ಉಳಿದದ್ದು ಗುರುವಾರ

"ತಮ್ಮಾ, ನಿನಗೊಂದು ಸುದ್ದಿ ಹೇಳೂದೈತಿ."

ಬೇಲಿಯಾಚೆ ಕೂತು ಮೆಂತೆಪಲ್ಲೆ ಸೋಸುತ್ತಿದ್ದ ಬಾಜೂಮನಿ ದೊಡ್ಡವ್ವ ಇಷ್ಟು ಹೇಳಿ ಸುಮ್ಮನಾದಳು. ನಾನು ಬಾಯಲ್ಲಿದ್ದ ಬ್ರಶ್ಶನ್ನು ಹಾಗೇ ಕಚ್ಚಿಕೊಂಡು ನಿಂತೆ. ಬೆಂಗಳೂರಿನ ಮೊಮ್ಮಗನ ಸುದ್ದಿಯೇ ಇರಬೇಕು, ಅದೂ ಮದುವೆಯದೇ ಇರಬೇಕು ಅಂತ ಹಿಪ್ಪರಗಿಯ ನಮ್ಮ ಓಣಿಗೆಲ್ಲ ಗುಮಾನಿ. ಆದರೆ ಮುದುಕಿ ಬಾಯಿ ಬಿಡಲೊಲ್ಲಳು. "ಹಿಂಗ ನಿಂತ ನಿಲುವಿನ್ಯಾಗ ಹೇಳೂದಲ್ಲ ಬಿಡು" ಅಂತ ದಂಟು ಮುರಿದು ಎಮ್ಮೆಯತ್ತ ಎಸೆದಳು. ಮೂರು ವಾರದಿಂದ ಈ ಸುದ್ದಿ ಹೀಗೇ ಬೇಲಿಯ ಮೇಲೆ ಒಣಗುತ್ತಿದೆ.

ಬೇಲಿ ಅಂದೆನಲ್ಲ, ಅದೂ ಹೇಳಿಕೊಳ್ಳುವಂಥದ್ದೇ. ಅರ್ಧ ಕಳ್ಳಿ, ಇನ್ನರ್ಧ ಫ್ಲೆಕ್ಸು. ಜಾತ್ರೆಯ ರಸಮಂಜರಿಗೆ ಅಂತ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿದ್ದ ಬ್ಯಾನರನ್ನು ದೊಡ್ಡವ್ವ ಮೊದಲು ಕಣಿಕಿ ಬಣವಿಗೆ ಹೊದಿಸಿದಳು. ಎಮ್ಮೆ ತಿಂದು ತಿಂದು ಬಣವಿ ಕರಗಿದ ಮೇಲೆ ಅದು ಬೇಲಿಯ ಕಿಂಡಿಗೆ ಬಂತು. ಅದರ ಮೇಲಿನ ಟೀವಿ ಗಾಯಕ ತಲೆಕೆಳಗಾಗಿ ನಗುತ್ತಿದ್ದಾನೆ. ಬಾಯಿ ಇರುವಲ್ಲಿ ಹರಿದಿದೆ. ದೊಡ್ಡವ್ವನ ಕೋಳಿ ಬೆಳಿಗ್ಗೆ ಅದರೊಳಗಿಂದ ತೂರಿ ನಮ್ಮ ಹಿತ್ತಲಿಗೆ ಬಂದು, ಸಂಜೆ ಅಲ್ಲಿಂದಲೇ ವಾಪಸು ಹೋಗುತ್ತದೆ. ಹೆಸರಿದ್ದ ಜಾಗ ಬಿಸಿಲಿಗೆ ಬೆಳ್ಳಗಾಗಿದೆ. "ಖ್ಯಾತಿಯ" ಅನ್ನೋ ಒಂದು ಶಬ್ದ ಮಾತ್ರ ಗಟ್ಟಿಯಾಗಿ ಉಳಿದಿದೆ.

ಈ "ಖ್ಯಾತಿಯ" ಅನ್ನೋದು ಈಗಿನ ಕಾಲದ ಅಡ್ಡಹೆಸರು ನೋಡಿ. ಹಿಂದೆ ಪಾಟೀಲ, ಕುಲಕರ್ಣಿ, ಬಡಿಗೇರ ಅಂತಿದ್ದ ಜಾಗದಲ್ಲಿ ಈಗ ಸರಿಗಮಪ ಖ್ಯಾತಿಯ, ಕಾಮಿಡಿ ಕಿಲಾಡಿಗಳು ಖ್ಯಾತಿಯ, ಬಿಗ್ ಬಾಸ್ ಖ್ಯಾತಿಯ. ಜಮಖಂಡಿಯಲ್ಲಾಗಲಿ ಮುಧೋಳದಲ್ಲಾಗಲಿ ಜಾತ್ರೆಯ ವೇದಿಕೆ ಹತ್ತಿದ ಹುಡುಗನ ಸ್ವಂತ ಹೆಸರು ಮರುದಿನ ಯಾರ ನೆನಪಿನಲ್ಲೂ ಇರುವುದಿಲ್ಲ, ಅಡ್ಡಹೆಸರು ಇರುತ್ತದೆ.

ಅಡ್ಡಹೆಸರು ಅಂದರೆ ನಮ್ಮ ಬೀಳಗಿಯ ಅಮೀರಬಾಯಿಯನ್ನು ಬಿಟ್ಟು ಮುಂದೆ ಹೋಗಲಿಕ್ಕಾದೀತೇ? ಈ ಸೀಮೆಯಿಂದ ಹೊರಟು ಮುಂಬೈ ಸೇರಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ಬಾಯಲ್ಲೆಲ್ಲ ಕೂತವಳು. ಆ ಚಿತ್ರ ಕಲ್ಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಈಕೆಯೂ, ಬಾಲಗಂಧರ್ವರ ನಾಟಕ ಕಂಪನಿ ಸೇರಿದ ಅಕ್ಕ ಗೋಹರಬಾಯಿಯೂ ಹೊತ್ತು ತಿರುಗಿದ ಅಡ್ಡಹೆಸರು 'ಕರ್ನಾಟಕಿ'. ಸ್ವಲ್ಪ ವಿಚಾರ ಮಾಡಿ. ಆಗ ಇದೆಲ್ಲ ಮುಂಬೈ ಇಲಾಖೆಯ ಒಂದು ಮೂಲೆ, ನಡುನಡುವೆ ಜಮಖಂಡಿ, ಮುಧೋಳದಂಥ ಸಂಸ್ಥಾನಗಳ ತೇಪೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ಕ್ಕೆ. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಅಂದರೆ ಸರಕಾರ ಬೋರ್ಡು ಬರೆಸುವ ಎಷ್ಟೋ ಮೊದಲೇ ಬೀಳಗಿಯ ಹೆಣ್ಣುಮಕ್ಕಳಿಬ್ಬರು ಆ ಹೆಸರನ್ನು ಊರೂರು ಮುಟ್ಟಿಸಿ ಬಂದಿದ್ದರು. ಯಾವ ಪ್ರಚಾರ ಖಾತೆಗೆ ಆದೀತು ಹೇಳಿ ಈ ಕೆಲಸ?

ಗೋಹರ ಅಂದಕೂಡಲೇ ಇನ್ನೊಬ್ಬಾಕೆಯ ನೆನಪು. ನಮ್ಮಾಕೆಯಲ್ಲ, ಕಲ್ಕತ್ತೆಯ ಗೌಹರ್ ಜಾನ್. 1902ರಲ್ಲಿ ಗ್ರಾಮೋಫೋನಿಗೆ ಹಾಡಲು ಶುರುಮಾಡಿದವಳು, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಜಂಬಕ್ಕಲ್ಲ. ರೆಕಾರ್ಡು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ; ಅಲ್ಲಿಯವರಿಗೆ ಇದು ಯಾರ ದನಿ ಅಂತ ತಿಳಿಯಲಿ ಅಂತ. ಕಾರ್ಖಾನೆಯವರಿಗೆ ಹೇಳಿದ್ದು ಇಡೀ ದೇಶಕ್ಕೆ ಕೇಳಿಸಿತು. ಬೇಲಿಯ ಮಾತೂ ಹಾಗೇ ನೋಡಿ, ಹೇಳೋದು ಒಬ್ಬರಿಗೆ, ಮುಟ್ಟೋದು ಓಣಿಗೆ. ಅಲ್ವಾ?

"ಅಲ್ವಾ" ಅಂದೆನಲ್ಲ, ಅದು ದೊಡ್ಡವ್ವನ ಮೊಮ್ಮಗ ನನಗೆ ಹಚ್ಚಿಹೋದ ಚಟ. ಇಲ್ಲಿಂದ ಹೋಗುವಾಗ "ಅಲ್ಲೇನ್ರಿ ಸರ್" ಅಂತಿದ್ದ ಹುಡುಗ, ಯುಗಾದಿಗೆ ಬಂದಾಗ ಎರಡು ಮೊಬೈಲು, ಒಂದು "ಅಲ್ವಾ" ತಂದಿದ್ದ. ಟೀವಿ ಕಾರ್ಯಕ್ರಮಗಳಿಗೂ ನಟನಟಿಯರಿಗೂ ಪ್ರಚಾರ ಮಾಡಿಕೊಡುವ ಆಫೀಸಿನಲ್ಲಿ ಕೆಲಸ. "ಪಿಆರ್‌ಓ ಆಗೀನಿ ಸರ್" ಅಂದ. ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದ ನನಗೆ ಪಿಆರ್‌ಓ ಅಂದರೆ ಒಂದೇ ಅರ್ಥ, ಚುನಾವಣೆಯ ಮತಗಟ್ಟೆ ಅಧ್ಯಕ್ಷಾಧಿಕಾರಿ. ಪೆಟ್ಟಿಗೆ ಹೊತ್ತು, ಸೊಳ್ಳೆ ಕಡಿಸಿಕೊಂಡು, ಸಾಲಿಯ ಬೆಂಚಿನ ಮೇಲೆ ರಾತ್ರಿ ಕಳೆಯುವ ಪ್ರಾಣಿ. "ಪಾಪ, ನಿನ್ನ ಎಪಿಆರ್‌ಓ ಯಾರಪ್ಪಾ?" ಅಂತ ಕನಿಕರದಿಂದ ಕೇಳಿಬಿಟ್ಟೆ. ಅವನು ನಕ್ಕು, ಕಾಲು ಗಂಟೆ ಬಿಡಿಸಿ ಹೇಳಿದ. ದೊಡ್ಡವ್ವ ಎಲ್ಲ ಕೇಳಿಸಿಕೊಂಡು, "ಡಂಗುರ ಸಾರೂದು ಅನ್ನಲಾ. ಅದಕ್ಕ್ಯಾಕ ಇಷ್ಟು ಸುತ್ತು ಬಳಸಿ ಹೇಳತಿ?" ಅಂದಳು.

ಡಂಗುರ ನಮಗೇನು ಹೊಸದೇ? ನಾನು ಸಣ್ಣವನಿದ್ದಾಗ ಬನಹಟ್ಟಿಯಲ್ಲಿ ನಾಟಕ ಕಂಪನಿ ಕ್ಯಾಂಪ್ ಹಾಕಿದರೆ, ಮಗ್ಗದ ಸಪ್ಪಳವನ್ನೂ ಮೀರಿ ಟಾಂಗಾದ ಮೈಕು ಕೂಗುತ್ತ ಬರುತ್ತಿತ್ತು. ಹಿಂದೆ ನಮ್ಮ ದಂಡು. ಗುಲಾಬಿ, ಹಳದಿ ಹ್ಯಾಂಡ್‌ಬಿಲ್ಲು ತೂರಿದರೆ ಓದಲು ಬಾರದವನೂ ಎರಡೆರಡು ಹಿಡಿಯುತ್ತಿದ್ದ. "ಇಂದೇ ಕಡೇ ಆಟ" ಅಂತ ಕೂಗಿದರೆ, ಕಂಪನಿ ಇನ್ನೂ ಹದಿನೈದು ದಿನ ಅಲುಗೋದಿಲ್ಲ ಅಂತಲೇ ಅರ್ಥ. ಮರುದಿನ "ಪ್ರೇಕ್ಷಕರ ಒತ್ತಾಯದ ಮೇರೆಗೆ" ಅಂತ ಅದೇ ಟಾಂಗಾ ಮತ್ತೆ ಬರುತ್ತಿತ್ತು. ಒತ್ತಾಯ ಮಾಡಿದ ಆ ಪ್ರೇಕ್ಷಕ ಯಾರು ಅಂತ ನಾವು ಬಹಳ ಹುಡುಕಿದೆವು. ಸಿಗಲಿಲ್ಲ. ಈಗಲೂ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋದರೆ ಕಂಪನಿಗಳ ಟೆಂಟು ಸಾಲು ಹಚ್ಚಿರುತ್ತವೆ. ಒಂದರ ಮೈಕು ಇನ್ನೊಂದರ ಹೆಗಲೇರಿ ಕೂಗುತ್ತಿರುತ್ತದೆ. ಬಳೆ ಚೌಕಾಸಿ ಮಾಡಿ ಮುಗಿಸುವುದರೊಳಗೆ ನಾಲ್ಕು ನಾಟಕದ ಹೆಸರು ಬಾಯಿಪಾಠ.

ಹಾಗಂತ ಕಂಪನಿ ನಾಟಕ ಬರೀ ಕೂಗಾಟದ್ದು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಬರೆದ 'ಸಂಪತ್ತಿಗೆ ಸವಾಲ್' ಟೆಂಟಿನಿಂದ ಎದ್ದು 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದ್ದು ಅದರಲ್ಲೇ. ಅವತ್ತಿನಿಂದ ಎಮ್ಮೆಗೆ ಬೇರೆ ಪ್ರಚಾರ ಬೇಕಾಗಿಲ್ಲ. ದೊಡ್ಡವ್ವನ ಎಮ್ಮೆಯ ಗತ್ತು ನೋಡಿದರೆ ಆ ವಿಷಯ ಅದಕ್ಕೂ ಗೊತ್ತಿರಬೇಕು.

ಇನ್ನು ಟಾಕೀಜಿನ ಹೊರಗೆ ಮಾರುತ್ತಿದ್ದ ಪದಗಳ ಪುಸ್ತಕ. ಹಾಡಿಗಿಂತ ಮುಂಚೆ ಕಥೆಯ ಸಾರಾಂಶ ಇರುತ್ತಿತ್ತು. ನಾಯಕ ಜೇಲಿಗೆ ಹೋದ, ತಾಯಿಗೆ ಕಣ್ಣು ಹೋಯಿತು, ನಾಯಕಿಯ ಕೊರಳಿಗೆ ಖಳನಾಯಕ ತಾಳಿ ಹಿಡಿದ, ಅಷ್ಟರಲ್ಲಿ "ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿರಿ". ಪುಸ್ತಕ ಕೊಂಡವನ ಹೊಟ್ಟೆಗೆ ಬೆಂಕಿ ಬಿದ್ದಂತೆ. ಎಲ್ಲಿ ತನಕ ಹೇಳಬೇಕು, ಎಲ್ಲಿ ಬಾಯಿ ಮುಚ್ಚಬೇಕು, ಅದನ್ನು ಬಲ್ಲ ಆ ಹೆಸರಿಲ್ಲದ ಬರಹಗಾರರಿಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ಬೆಂಗಳೂರಿನಲ್ಲಿ ಈ ಸಿನಿಮಾ ಪ್ರಚಾರವನ್ನೇ ಪೂರಾ ಕಸುಬು ಮಾಡಿಕೊಂಡು ಕೂತ ಮೊದಲಿಗರು ಅಂತ ಹೆಸರಾದವರು ಡಿ.ವಿ. ಸುಧೀಂದ್ರ. 1976ರಲ್ಲಿ 'ಶ್ರೀ ರಾಘವೇಂದ್ರ ಚಿತ್ರವಾಣಿ' ಕಟ್ಟಿ, ಸಿನಿಮಾದ ಸುದ್ದಿಯನ್ನೂ ಸ್ಟಿಲ್ಲುಗಳನ್ನೂ ಪತ್ರಿಕೆಗಳಿಗೆ ಮುಟ್ಟಿಸತೊಡಗಿದರು. ಮುಂದೆ ಆ ಸಂಸ್ಥೆಯ ಹೆಸರಿನಲ್ಲೇ ಸಿನಿಮಾದವರಿಗೆ ಪ್ರಶಸ್ತಿ ಕೊಡುವಷ್ಟು ಅದು ಬೆಳೆಯಿತು. ಸುದ್ದಿ ಸಾರುವವರೇ ಶಾಲು ಹೊದಿಸುವಂತಾದರು, ಸಣ್ಣ ಮಾತಲ್ಲ. ಪುರವಣಿಯಲ್ಲಿ ನಾವು ಓದುತ್ತಿದ್ದ "ಚಿತ್ರೀಕರಣ ಭರದಿಂದ ಸಾಗಿದೆ" ಅನ್ನೋ ಸಾಲು ಇಂಥ ಲಕೋಟೆಗಳೊಳಗಿಂದ ಬರುತ್ತಿತ್ತು ಅಂತ ನನಗೆ ತಿಳಿದದ್ದು ಈಗ. ಸಾಗಿದ್ದೆಲ್ಲ ಭರದಿಂದಲೇ. ನಿಧಾನವಾಗಿ ಸಾಗಿದ ಒಂದೂ ಚಿತ್ರವನ್ನು ನಾನು ಓದಿಲ್ಲ.

ಈಗ ಲಕೋಟೆ ಹೋಗಿ ವಾಟ್ಸಾಪು ಬಂದಿದೆ. ಯುಗಾದಿಯ ದಿನವೂ ಹುಡುಗ ಕಟ್ಟೆಯ ಮೇಲೆ ಕೂತು ಪ್ರೆಸ್‌ನೋಟ್ ತಿದ್ದುತ್ತಿದ್ದ. ಧಾರಾವಾಹಿಯ ನಟಿಯೊಬ್ಬರ ಕಾಲು ಉಳುಕಿತ್ತಂತೆ. ಅವನು ಬರೆದದ್ದು "ನೋವಿನಲ್ಲೂ ಚಿತ್ರೀಕರಣ". ಧಾರಾವಾಹಿ ಮುಗಿಯುತ್ತಿದೆ ಅಂತ ಬರೆಯುವ ಹಾಗಿಲ್ಲ, "ರೋಚಕ ಘಟ್ಟಕ್ಕೆ". ರಾತ್ರಿ ಎಂಟರಿಂದ ಕಿತ್ತು ಸಂಜೆ ಐದೂವರೆಗೆ ಒಗೆದರೆ, "ಹೊಸ ಸಮಯದಲ್ಲಿ ನಿಮ್ಮ ನೆಚ್ಚಿನ". ನಾನು ನಗಲು ಹೋದೆ, ಆದರೆ ನಗು ಗಂಟಲಲ್ಲೇ ನಿಂತಿತು. ಮಗ್ಗಿ ಬಾರದ ಹುಡುಗರ ಪ್ರಗತಿಪತ್ರದಲ್ಲಿ "ಉತ್ತಮ ನಡತೆ" ಅಂತ ಮೂವತ್ತು ವರ್ಷ ಬರೆದವನು ನಾನೇ ಅಲ್ಲವೇ? ಹುಡುಗ ಮೆಲ್ಲಗೆ ಇನ್ನೊಂದು ಮಾತು ಹೇಳಿದ: "ಸುದ್ದಿ ಬರೋಹಂಗ ಮಾಡೋದು ಅರ್ಧ ಕೆಲಸ ಸರ್. ಬರಲಾರದ್ಹಂಗ ನೋಡಿಕೊಳ್ಳೋದು ಇನ್ನರ್ಧ." ಆಗ ಮಾತ್ರ "ಅಲ್ವಾ" ಮರೆತಿದ್ದ.

ಗುರುವಾರ ಬಂದರೆ ಅವನಿಗೆ ಊಟ ಸೇರೋದಿಲ್ಲ. ರಾಯರ ಉಪವಾಸವಲ್ಲ, ಟಿಆರ್‌ಪಿ ಅಂಕಿ ಬರುವ ದಿನ. ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ನಮ್ಮ ಕಿವಿಗೆ ಕೇಳದ ಒಂದು ಗುರುತನ್ನು ಟೀವಿಯ ಸದ್ದಿನಲ್ಲೇ ಬೆರೆಸಿರುತ್ತಾರೆ, ಆ ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಅಂತ ಪತ್ತೆ ಮಾಡುತ್ತದೆ. ಅಂಕಿ ಬಂದ ಸಂಜೆ ಎಲ್ಲರೂ ನಂಬರ್ 1. ಒಬ್ಬರು ಹಳ್ಳಿಯಲ್ಲಿ, ಒಬ್ಬರು ಪಟ್ಟಣದಲ್ಲಿ, ಒಬ್ಬರು ಏಳು ಗಂಟೆಗೆ. ದೊಡ್ಡವ್ವನಿಗೆ ಸಿಟ್ಟು ಬಂದದ್ದು ಇಲ್ಲಿ. "ನಮ್ಮನ್ಯಾಗ ಮೀಟರು ಅಂದ್ರ ಕರೆಂಟಿಂದು ಒಂದs ಐತಿ. ಹಂಗಾರ ನಾ ಇಷ್ಟು ವರ್ಷ ಅತ್ತದ್ದು ಯಾರ ಲೆಕ್ಕಕ್ಕ?" ಹುಡುಗ ಮೊಬೈಲು ನೋಡಿದ. ನಾನು ಎಮ್ಮೆ ನೋಡಿದೆ.

ಅತ್ತದ್ದು ಅಂದರೆ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ನೋಡಿ. 2021ರ ಡಿಸೆಂಬರಿನಲ್ಲಿ ಅದು ಶುರುವಾದಾಗ ಆಕೆ ಬೇಲಿಗೆ ಓಡಿಬಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ತಮ್ಮಾ, ನಮ್ಮ ಉಮಾಶ್ರೀ ಮಂತ್ರಿಗಿರಿ ಬಿಟ್ಟು ಖಾನಾವಳಿ ಹಾಕ್ಯಾಳ ನೋಡು!" ತೇರದಾಳ ಕ್ಷೇತ್ರದಿಂದ 2013ರಲ್ಲಿ ಗೆದ್ದು ಮಂತ್ರಿಯಾದವರು, 2018ರಲ್ಲಿ ಸೋತವರು. ನಾಟಕ, ಸಿನಿಮಾ, ಚುನಾವಣೆ, ಧಾರಾವಾಹಿ, ನಾಲ್ಕೂ ಥರದ ಡಂಗುರ ಕಂಡವರು. ಓಟಿನ ದಿನ ಕೈಕೊಟ್ಟ ನಮ್ಮ ಮಂದಿಯೇ ರಾತ್ರಿ ಏಳೂವರೆಗೆ ಚಾನೆಲ್ ಬದಲಿಸಲಿಲ್ಲ. ಮಂದಿಯ ಮನಸ್ಸಿಗೆ ಯಾವ ಮೀಟರ್ ಹಚ್ಚುತ್ತೀರಿ?

ಇವತ್ತು ಬೇಲಿಯ ಹತ್ತಿರ ಈ ಮಾತು ಬಂದಾಗ ದೊಡ್ಡವ್ವನ ವಾದವೇ ಬೇರೆ. ಆಕೆ ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದವಳು, ಅದರ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಸೆರಗು ಸರಿಮಾಡಿಕೊಳ್ಳುವವಳು. "ಪಾರಿಜಾತದಾಗ ಏನೈತಿ ಹೇಳು? ಒಂದು ಹೂವು. ಅದು ರುಕ್ಮಿಣಿ ಕೈಗೆ ಹೋತು. ಅಷ್ಟಕ್ಕs ಮುಗೀತಿತ್ತಿಲ್ಲೋ? ಹೂವಿನ ಸುದ್ದಿ ಸತ್ಯಭಾಮಾಗ ಮುಟ್ಟಿತು, ಅದಕ್ಕ ಬೆಳತನಕ ಆಟ ನಡೀತು." ನಾನು ಬ್ರಶ್ಶು ಬಾಯಿಂದ ತೆಗೆದೆ. ಮಾಸ್ತರಿಕೆ ಮಾಡಿ ಪಿಂಚಣಿ ತಿನ್ನುವ ನನಗೂ ಇದು ಹೊಳೆದಿರಲಿಲ್ಲ. ಹೂವು ಸಂಜೆಗೆ ಬಾಡುತ್ತದೆ, ಸುದ್ದಿ ಬೆಳತನಕ ಅರಳುತ್ತದೆ.

"ಅದಿರಲಿ ದೊಡ್ಡವ್ವಾ, ನಿನ್ನ ಸುದ್ದಿ ಏನು? ಹುಡುಗಿ ಯಾವೂರಾಕಿ?" ಅಂತ ಕೇಳಿಯೇಬಿಟ್ಟೆ.

"ಹುಡುಗಿ ಅಂತ ಯಾರಂದ್ರು ನಿನಗ?" ಕಣ್ಣು ಅಗಲಿಸಿದಳು. ಆಮೇಲೆ ಬೇಲಿಗೆ ಒಂದು ಹೆಜ್ಜೆ ಹತ್ತಿರ ಬಂದು, ದನಿ ತಗ್ಗಿಸಿ, "ಖರೇ ಅಂದ್ರ..." ಅಂದಳು. ಒಳಗೆ ಒಲೆಯ ಮೇಲೆ ಹಾಲು ಚುರ್ ಅಂದಿತು. ಮೊರ ಎತ್ತಿಕೊಂಡು ತಿರುಗಿದಳು. "ಗುರುವಾರ ಹೇಳತೇನಿ ತಗೋ. ಅವತ್ತ ಅವನೂ ಫೋನ್ ಮಾಡತಾನ."

ಇವತ್ತಿನ್ನೂ ಶುಕ್ರವಾರ. ಬಾಯಲ್ಲಿಯ ಪೇಸ್ಟು ಒಣಗಿ ಬಿಗಿಯುತ್ತಿತ್ತು. ಗಾಯಕನ ಬಾಯಿಂದ ಕೋಳಿ ತೂರಿ ಈಚೆ ಬಂತು, ನನ್ನನ್ನು ಒಮ್ಮೆ ಓರೆಗಣ್ಣಿಂದ ನೋಡಿತು. ಅದೂ ಏನೂ ಹೇಳಲಿಲ್ಲ.