ಪಾನೀಯತಾಪಮೀಮಾಂಸೆ

ನೀರು ಶೀತಸ್ಪರ್ಶವುಳ್ಳ ದ್ರವ್ಯವೆಂದೂ ಅದರ ರಸವು ಮಧುರವೊಂದೇ ಎಂದೂ 'ತರ್ಕಸಂಗ್ರಹ'ದ ಕರ್ತೃವಾದ ಅನ್ನಂಭಟ್ಟನು ನಿರ್ಣಯಿಸಿದ ಬಳಿಕ, ಈ ವಿಷಯದಲ್ಲಿ ಮತ್ತೊಂದು ಪ್ರಬಂಧವು ಹುಟ್ಟಲು ಎಡೆಯೇ ಇರಬಾರದಾಗಿತ್ತು. ಕಾದ ನೀರಿನಲ್ಲಿ ತೋರುವ ಬಿಸಿಯು ನೀರಿನದಲ್ಲ, ಅದರೊಳಹೊಕ್ಕ ತೇಜಸ್ಸಿನದು ಎಂಬುದು ನೈಯಾಯಿಕರ ಸಮಾಧಾನ. ಈ ಮತವನ್ನು ಅಂಗೀಕರಿಸಿದರೆ, ಹೋಟೆಲಿನಲ್ಲಿ ಕುಳಿತು "ಒಂದು ಲೋಟ ಬಿಸಿನೀರು ಕೊಡಪ್ಪಾ" ಎನ್ನುವ ಗಿರಾಕಿಯು ಎರಡು ದ್ರವ್ಯಗಳನ್ನು ಬೇಡುತ್ತಿರುವನೆಂದೂ, ಎರಡಕ್ಕೂ ಬಿಲ್ಲು ಹಾಕದ ಮಾಲೀಕನು ಮಹಾದಾನಿಯೆಂದೂ ಒಪ್ಪಬೇಕಾಗುತ್ತದೆ.

ಲೋಕದಲ್ಲಿ ಈ ಕುರಿತು ಮೂರು ಮತಗಳುಂಟು: ಬಿಸಿನೀರಿನವರದು, ಫ್ರಿಜ್ಜಿನವರದು, "ನಾರ್ಮಲ್ ಸಾಕು" ಎನ್ನುವವರದು. ಕಡೆಯವರಿಗೆ ಸಿದ್ಧಾಂತವೆಂಬುದೇ ಇಲ್ಲವಾದ್ದರಿಂದ ಅವರನ್ನು ಇಲ್ಲಿಯೇ ಬಿಡುವುದು ಲೇಸು.

ಉಷ್ಣವಾದಿಗಳು ತಮ್ಮ ಪಾನೀಯವನ್ನು ಗಂಟಲಿಗೆ ಹಿತವೆಂದೂ ಜೀರ್ಣಕಾರಿಯೆಂದೂ ಕೊಂಡಾಡುವರೇ ಹೊರತು ರುಚಿಯೆಂದು ಹೇಳುವ ಸಾಹಸಕ್ಕೆ ಯಾರೂ ಇಳಿಯುವುದಿಲ್ಲ. ಕುದಿಯುವಾಗ ನೀರಿನಲ್ಲಿ ಕರಗಿದ್ದ ಗಾಳಿಯು ಹೊರಟುಹೋಗಿ, ಆರಿದ ಮೇಲೂ ಅದು ಸಪ್ಪೆಯಾಗಿಯೇ ಉಳಿಯುತ್ತದೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದರೆ ಕೊಂಚ ಜೀವ ಬರುವುದು ಆ ಗಾಳಿ ಮರಳುವುದರಿಂದಲೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುವುದಾದ್ದರಿಂದ, ರಾಜಧಾನಿಯ ಉಷ್ಣವಾದಿಗಳ ನಿಷ್ಠೆಯು ಮಂಗಳೂರಿನವರದಕ್ಕಿಂತ ಮೂರು ಡಿಗ್ರಿ ಕಡಿಮೆಯೆಂಬುದನ್ನೂ ಇಲ್ಲಿ ವಿಷಾದದಿಂದ ದಾಖಲಿಸಬೇಕಾಗಿದೆ.

ಶೀತವಾದಿಗಳ ಪಕ್ಷವು ಇನ್ನೂ ದುರ್ಬಲ. ಅತಿಶೈತ್ಯದಲ್ಲಿ ನಾಲಗೆಯು ಮರಗಟ್ಟಿ, ಕೊಳವೆಬಾವಿಯ ಲವಣಗಳಾಗಲಿ ನಲ್ಲಿಯ ಕ್ಲೋರಿನ್ನಾಗಲಿ ಅದರ ಗಮನಕ್ಕೆ ಬಾರದೆ ಹೋಗುವುದರಿಂದ, ಇವರು "ಆಹಾ" ಎಂದು ಮೆಚ್ಚುವುದು ನೀರಿನ ರುಚಿಯನ್ನಲ್ಲ, ರುಚಿಯ ಅಭಾವವನ್ನು. ಮುಚ್ಚಳ ಸಡಿಲವಾದ ಹಳೆಯ ಶರಬತ್ತಿನ ಬಾಟಲಿಯು ನಿನ್ನೆಯ ಹುಳಿಯ ಪಾತ್ರೆಯ ಪಕ್ಕದಲ್ಲಿ ರಾತ್ರಿಯಿಡೀ ನಿಂತು ಇಂಗಿನ ಸಂಸ್ಕಾರ ಪಡೆದಿದ್ದರೂ, ಬಿಸಿಲಿನಿಂದ ಬಂದವನು ಅದನ್ನು ಗಟಗಟನೆ ಎತ್ತಿ, ಮರುಕ್ಷಣ ಹಣೆ ಹಿಡಿದುಕೊಂಡು ಕುಕ್ಕರಿಸುವನು. ಆ ಭಂಗಿಯನ್ನು ಸಮಾಧಿಯೆಂದು ಭ್ರಮಿಸಲಾಗದು.

ಇನ್ನು ಸಿದ್ಧಾಂತ. ನೀರಿಗೆ ಯುಕ್ತವಾದ ತಾಪವು ಮಡಕೆಯದು. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಳಗಿನ ನೀರಿನಿಂದಲೇ ಬಹುಪಾಲು ವಸೂಲು ಮಾಡುತ್ತದೆ. ಅಂದರೆ ಒಂದು ಗ್ರಾಮಿನ ಆತ್ಮಾರ್ಪಣೆಯಿಂದ 58 ಗ್ರಾಮ್ ನೀರು 10 ಡಿಗ್ರಿ ತಣಿಯಬಲ್ಲುದು. ಇಂತಹ ತ್ಯಾಗವನ್ನು ಸಂಘಸಂಸ್ಥೆಗಳಲ್ಲಿ ಕಾಣುವುದು ದುರ್ಲಭ. ಹೀಗೆ ತಣಿದ ನೀರು ದಾಹವನ್ನು ತೀರಿಸಿಯೂ ನಾಲಗೆಯನ್ನು ಕೊಲ್ಲುವುದಿಲ್ಲ. ಆದರೆ ಈ ವ್ಯವಹಾರಕ್ಕೆ ಒಣಗಾಳಿ ಬೇಕು. ರಾಯಚೂರು, ಕಲಬುರಗಿಗಳ ವೈಶಾಖದಲ್ಲಿ ಮಡಕೆಯು ಮೆರೆಯುವುದು. ಮೊದಲೇ ತೇವ ತುಂಬಿದ ಕರಾವಳಿಯ ಗಾಳಿಯಲ್ಲಿ ಅದು ಪೆಚ್ಚಾಗಿ ಕೂರುವುದು. ನೆರೆಯ ಕೇರಳದಲ್ಲಿ ಮರದ ಚಕ್ಕೆ ಹಾಕಿ ಕುದಿಸಿದ ಕೆಂಬಣ್ಣದ ಬಿಸಿನೀರು ಊಟದ ಪಕ್ಕಕ್ಕೆ ಬರುವುದಕ್ಕೆ ಮಡಕೆಯ ಈ ಪರಾಭವವೇ ಮೂಲವೆಂಬುದು ನನ್ನ ಊಹೆ; ಇದಕ್ಕೆ ಆಧಾರವೇನೂ ಇಲ್ಲವಾದ್ದರಿಂದ ಖಂಡಿಸುವುದೂ ಕಷ್ಟ.

ಆದರೂ ಖಂಡಿಸಬೇಕೆಂದು ಲೇಖನಿ ಹಿಡಿಯುವ ವಿದ್ವಾಂಸರಲ್ಲಿ ಒಂದು ವಿಜ್ಞಾಪನೆ. ಹೊಸ ಮಡಕೆಯ ಮೊದಲ ದಿನದ ನೀರನ್ನು ಪ್ರಮಾಣವೆಂದು ಹಿಡಿಯಬಾರದು. ಎರಡು ಮೂರು ದಿನ ತುಂಬಿ ಚೆಲ್ಲಿ, ಮಣ್ಣುವಾಸನೆ ಇಳಿದ ಮೇಲೆಯೇ ಕುಡಿದು ನೋಡಬೇಕು. ಹೋದ ವರ್ಷದ ಮಡಕೆಯೂ ಸಾಕ್ಷಿಗೆ ಸಲ್ಲದು: ಗಡಸುನೀರಿನ ಲವಣಗಳು ಕಟ್ಟಿ ಅದರ ರಂಧ್ರಗಳು ಮುಚ್ಚಿಹೋಗಿರುತ್ತವೆ.