ಇನ್ನೂರು ಪುಟದ ಸಮುದ್ರ

ದೂರದಿಂದ ನೋಡಿದವರಿಗೆ ಶಹಾಪುರದ ಗುಡ್ಡ ಬುದ್ಧ ಮಲಗಿದಂತೆ ಕಾಣುತ್ತದೆ. ಏಪ್ರಿಲ್ ಬಂತೆಂದರೆ ನಮ್ಮ ಪಡಸಾಲೆಯಲ್ಲೂ ಅದೇ ದೃಶ್ಯ: ನಾನು ಅಂಗಾತ, ಹೊಟ್ಟೆಯ ಮೇಲೊಂದು ಇನ್ನೂರು ಪುಟದ ನೋಟ್‌ಬುಕ್ಕು. ಅವನು ಆಸೆ ಬಿಟ್ಟು ಮಲಗಿದ್ದಾನೆ, ನಾನು ಗೋಕರ್ಣದ ಆಸೆ ಇಟ್ಟುಕೊಂಡು ಮಲಗಿದ್ದೇನೆ. ಎದ್ದು ಹೋಗುವ ಲಕ್ಷಣ ಇಬ್ಬರಲ್ಲೂ ಇಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಯಾದಗಿರಿಯಿಂದ ಬಸ್ಸಿನಲ್ಲಿ ಬೆಂದು ಬಂದು, ಮಜ್ಜಿಗೆ ಕುಡಿದು ಒರಗಿದರೆ ಸಂಜೆಯವರೆಗೆ ಪ್ಲಾನ್ ಮಾಡುವುದೇ ಕೆಲಸ. ಮೊದಲ ಪುಟದಲ್ಲಿ 'ಕುಟುಂಬ ಪ್ರವಾಸ, ಉತ್ತರ ಕನ್ನಡ' ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಾಗ ಮಗ ಎರಡನೇ ಕ್ಲಾಸು. ಈಗ ಆರನೆಯದು. ಅಡಿಗೆರೆ ಮಾಸಿದೆ.

ಶಹಾಪುರ, ಸುರಪುರಕ್ಕೆ ರೈಲಿಲ್ಲ. ಯಾದಗಿರಿಗಿದೆ, ಆದರೆ ಆ ಹಳಿ ಹಿಡಿದು ಹೋದರೆ ಮುಂಬೈ ಸಿಗುತ್ತದೆ, ಚೆನ್ನೈ ಸಿಗುತ್ತದೆ, ಗೋಕರ್ಣ ಸಿಗುವುದಿಲ್ಲ. ಹಾಗಾಗಿ ಬಾಡಿಗೆ ಗಾಡಿ: ಲಿಂಗಸುಗೂರು, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ. ನಾನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಘಟ್ಟದ ಯಾವ ತಿರುವಿನಲ್ಲಿ ಮಗ ವಾಂತಿ ಮಾಡಬಹುದೆಂದು ಅಂದಾಜಿಸಿ, ಪಕ್ಕದಲ್ಲಿ 'ನಿಂಬೆಹಣ್ಣು 6' ಎಂದು ಬರೆದಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಎಂಬುದೂ ನೋಟ್‌ಬುಕ್ಕಿನಲ್ಲಿದೆ. ನಮ್ಮ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ.

ಹೋದ ಮೇ ತಿಂಗಳಲ್ಲಿ ಹೋಗಿಯೇ ತೀರುವುದೆಂದು ಸಭೆ ಕರೆದೆ. ಅವ್ವನಿಗೆ ಕೋಟಿತೀರ್ಥದ ಜಳಕ ಆಗಬೇಕು. ಮಗನಿಗೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರೊಳಗೆ ಮುಳುಗಬೇಕು. ಬಕೆಟ್ ನೀರಿಗೆ ಮುಖ ಅದ್ದಲು ಹೆದರುವ ಹುಡುಗ. ಹೆಂಡತಿಯದು ಒಂದೇ ಷರತ್ತು: "ನನಗ ಒಂದು ಖೋಲಿ ಸಾಕ್ರಿ. ಅದಕ್ಕ ಅಡಿಗಿ ಮನಿ ಇರಬಾರದು." ಒಂದನೇ ಕ್ಲಾಸಿನ ಮಗಳು ಮಾತ್ರ ಮೂಲಕ್ಕೇ ಕೈ ಹಾಕಿದಳು: "ಅಪ್ಪಾ, ಸಮುದ್ರಕ್ಕ ಉಪ್ಪು ಯಾರು ಹಾಕ್ತಾರ? ನಾ ನೆಕ್ಕಿ ನೋಡಬೇಕು."

ಅಷ್ಟರಲ್ಲಿ ಅವ್ವ ಎದ್ದು ಕೂತಳು. "ಅಲ್ಲಿ ಮೂರು ಹೊತ್ತೂ ಅನ್ನ ಅಂತ. ರೊಟ್ಟಿ ಇಲ್ಲದ ಹೆಂಗ?"

ಲೆಕ್ಕ ನನ್ನದು: ಐದು ಹೊಟ್ಟೆ, ನಾಲ್ಕು ದಿನ, ತಲೆಗೆ ದಿನಕ್ಕೆ ಮೂರು, ಅರವತ್ತು ಖಡಕ್ ರೊಟ್ಟಿ. ಬಡಿಯುವುದು ಹೆಂಡತಿಯದು. ಬಿಸಿಲು ನಲವತ್ತು ದಾಟಿದ ಎರಡು ಮಧ್ಯಾಹ್ನ ಅವಳು ಒಲೆಯ ಮುಂದೆ ಕೂತಳು. ಹಾಳೆಯಂತೆ ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿದ ರೊಟ್ಟಿ ಬೆರಳು ತಾಕಿಸಿದರೆ ಠಣ್ ಅನ್ನಬೇಕು. ಅಡುಗೆಮನೆಯಿಲ್ಲದ ಖೋಲಿಗೆ ಹೋಗಲು ಅಡುಗೆಮನೆಯಲ್ಲೇ ಎರಡು ದಿನ ಕಳೆದವಳ ಮುಖ ನೋಡುವ ಧೈರ್ಯ ಆಗಲಿಲ್ಲ. ರೊಟ್ಟಿಯನ್ನು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿದ್ದಾಯಿತು. ಡಿಕ್ಕಿಯಲ್ಲಿಟ್ಟರೆ ಅರಬೈಲು ಮುಟ್ಟುವಷ್ಟರಲ್ಲಿ ನುಚ್ಚು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಳ್ಳುವವನು ನಾನೇ ಎಂದು ತೀರ್ಮಾನವಾಯಿತು.

ಗಂಟು ಬಿಗಿಯುತ್ತ ಹೆಂಡತಿ ಕೇಳಿದಳು, "ಖೋಲಿ ಬುಕ್ ಮಾಡೀರಿ ಹೌದಿಲ್ಲೋ?"

ನೋಟ್‌ಬುಕ್ ತಿರುವಿದೆ. ಹನ್ನೊಂದು ಲಾಡ್ಜುಗಳ ಬಾಡಿಗೆ, ಬಿಸಿನೀರಿನ ವೇಳೆ, ಸಮುದ್ರಕ್ಕೆ ಎಷ್ಟು ಹೆಜ್ಜೆ, ಎಲ್ಲ ಕೋಷ್ಟಕವಾಗಿ ಕುಳಿತಿದ್ದವು. ಒಂದಕ್ಕೂ ಫೋನ್ ಮಾಡಿರಲಿಲ್ಲ. ಆಗ ಮಾಡಿದೆ. ಹನ್ನೊಂದೂ ಭರ್ತಿ.

ಸುದ್ದಿ ಹೆಂಡತಿಯ ತವರು ಸುರಪುರಕ್ಕೆ ಬಸ್ಸಿಗಿಂತ ಬೇಗ ಮುಟ್ಟಿತು. ಭಾವಮೈದುನನ ಫೋನ್: "ಮಾಮಾ, ನಮ್ಮೂರಾಗ ಬಂಗಲೆ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬ 1824ರಾಗ ಹದಿನೈದರ ಹುಡುಗ ಇದ್ದಾಗ ಹಡಗ ಹತ್ತಿ ಸಮುದ್ರ ದಾಟಿ ಬಂದ. ನಿಮಗ ನಲವತ್ತೈದು. ದಾಟೋದು ಬ್ಯಾಡ, ನೋಡ್ಲಿಕ್ಕೂ ಆಗವಲ್ದೇನು?"

"ಚಳಿಗಾಲಕ್ಕೆ ಹೋದರಾಯ್ತು" ಎಂದು ಗೊಣಗಿದೆ.

"ಚಳಿಗಾಲಕ್ಕ ಬೋನಾಳ ಕೆರಿಗಿ ಹೆಬ್ಬಾತು ಹಿಮಾಲಯ ದಾಟಿ ಬರ್ತಾವ" ಎಂದಳು ಹೆಂಡತಿ. "ಮಕ್ಕಳು ಮರಿ ಕಟಗೊಂಡು. ಅವುಕ್ಕ ನೋಟ್‌ಬುಕ್ ಇಲ್ಲ."

ರಾತ್ರಿಯೆಲ್ಲ ಅರವತ್ತು ರೊಟ್ಟಿ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಿ, ಗಾಡಿ ಹತ್ತಿಸಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಡಿಸಿದೆ. ಸುರಪುರ, ಹುಣಸಗಿ, ಕೊಡೇಕಲ್ ದಾಟಿ ನಾರಾಯಣಪುರ. ಕೃಷ್ಣೆಗೆ ಅಡ್ಡ ಕಟ್ಟಿದ ಆಣೆಕಟ್ಟು, ಹಿಂದೆ ಕಣ್ಣು ಹಾಯುವಷ್ಟೂ ನೀರು. ಹೆಸರೇ ಬಸವಸಾಗರ.

"ನೋಡ್ರಿ, ಸಾಗರ!" ಎಂದು ಕೈ ಚಾಚಿದೆ, ನಾನೇ ಕಟ್ಟಿಸಿದವನ ಹಾಗೆ.

ಅವ್ವ ಛಾಯಾ ಭಗವತಿಯ ಸನ್ನಿಧಿಯಲ್ಲಿ ಜಳಕ ಮಾಡಿ, "ಅದೂ ನೀರ, ಇದೂ ನೀರ" ಎಂದು ನನ್ನನ್ನು ಉಳಿಸಿದಳು. ಮಗ ಮೊಣಕಾಲುದ್ದದ ನೀರಿನಲ್ಲಿ ನಿಂತು ತನ್ನ ನೇತ್ರಾಣಿ ಮುಗಿಸಿದ. ಗಂಟು ಬಿಚ್ಚಿದರೆ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಇಡೀ ಪ್ರವಾಸದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಮಗಳು ಬೊಗಸೆಯಲ್ಲಿ ನೀರು ತಂದು, ನಾಲಗೆ ತಾಕಿಸಿ, ಹುಬ್ಬು ಗಂಟಿಕ್ಕಿದಳು. "ಅಪ್ಪಾ, ಇದು ಸಪ್ಪಗದ."

ಎಲ್ಲರೂ ನನ್ನ ಕಡೆ ನೋಡಿದರು. ಹೆಂಡತಿ ಮಾತಾಡದೆ ಸೌತೆಕಾಯಿಗೆಂದು ತಂದಿದ್ದ ಪೊಟ್ಟಣ ಬಿಚ್ಚಿ, ಮಗಳ ಬೊಗಸೆಗೆ ಒಂದು ಚಿಟಿಕೆ ಉದುರಿಸಿದಳು.

"ಯಾರು ಹಾಕ್ತಾರಂತ ಕೇಳಿದ್ಯಲ್ಲ? ನಿಮ್ಮಪ್ಪನ ಸಮುದ್ರಕ್ಕ ನಾವೇ ಹಾಕ್ಕೋಬೇಕು."